ಶಾಲೆ ಶುರುವಾಗುವ ಮುಂಚಿನ ಶಿಕ್ಷಕರ ಸಭೆ: ಬೈಬಲಿನ ಯಾವ ನಾಯಕನನ್ನು ಹಿಡಿದು ಮಾತಾಡುವುದು?

ಕುಮಟಾ ಕಡೆಯ ಎಚ್‌ಎಂ

ಎಲ್ಲರಿಗೂ ನಮಸ್ಕಾರ. ಕ್ರೈಸ್ತ ಆಡಳಿತ ಮಂಡಳಿಯ ಒಂದು ಹೈಸ್ಕೂಲು, ಕುಮಟಾ ತಾಲೂಕು. ನಾನು ಅಲ್ಲಿನ ಮುಖ್ಯ ಶಿಕ್ಷಕಿ (ಎಚ್‌ಎಂ). ಶಾಲೆ ಶುರುವಾಗುವ ಮುಂಚಿನ ದಿನ ಶಿಕ್ಷಕರಿಗೆ ಅರ್ಧ ದಿನದ ಸಭೆ ಇದೆ. ಬೈಬಲಿನ ನಾಯಕರ ಬದುಕನ್ನು ಇಟ್ಟುಕೊಂಡು ಶಿಕ್ಷಕರಿಗೆ ಧೈರ್ಯ, ಹುಮ್ಮಸ್ಸು ಬರುವಂಥ ಕಾರ್ಯಕ್ರಮ ಆಗಬೇಕು ಎನ್ನುವುದು ಮಂಡಳಿಯ ಆಸೆ, ನನ್ನದೂ ಹೌದು. ಒಟ್ಟು 22 ಶಿಕ್ಷಕರು. 9 ಮಂದಿ ಕ್ರೈಸ್ತರು, 11 ಮಂದಿ ಹಿಂದೂಗಳು, ಇಬ್ಬರು ಮುಸ್ಲಿಮರು. ಅರ್ಧದಷ್ಟು ಅನುದಾನಿತ ಹುದ್ದೆಗಳು, ಅಂದರೆ ಸಂಬಳ ಸರಕಾರದ್ದು, ಉಳಿದವರಿಗೆ ಮಂಡಳಿಯೇ ಸಂಬಳ ಕೊಡುತ್ತದೆ.

ಯಾವ ನಾಯಕನನ್ನು ಆರಿಸಿಕೊಳ್ಳಬೇಕು? ಎಷ್ಟು ಹೊತ್ತು ಮಾತಾಡಬೇಕು? ಕ್ರೈಸ್ತರಲ್ಲದವರಿಗೆ ತಾವು ಹೊರಗಿನವರು ಅನ್ನಿಸದಂತೆ ಹೇಗೆ ನಡೆಸಬೇಕು? ಫಾದರ್ ಒಬ್ಬರನ್ನು ಕರೆಸಿ ಒಂದು ತಾಸು ಪ್ರವಚನ ಇಡುವುದು ಸುಲಭ, ಆದರೆ ಅದರಿಂದ ಜುಲೈ ತಿಂಗಳಲ್ಲಿ ಯಾರಿಗಾದರೂ ಉಪಯೋಗ ಆಗುತ್ತದೆಯೇ ಎನ್ನುವುದೇ ಪ್ರಶ್ನೆ.

ಅಘನಾಶಿನಿ ದಂಡೆ

ಮೇಡಂ, ಒಬ್ಬನನ್ನೇ ಆರಿಸುವುದಾದರೆ ನೆಹೆಮೀಯ, ಪಾರಸಿಯ ಅರಸನ ಸೇವೆಯಲ್ಲಿದ್ದು ಯೆರೂಸಲೇಮಿನ ಬಿದ್ದ ಗೋಡೆಯನ್ನು ಮತ್ತೆ ಕಟ್ಟಿಸಿದ ಯೆಹೂದ್ಯ. ಆದರೆ '52 ದಿನದಲ್ಲಿ ಗೋಡೆ ಕಟ್ಟಿ ಮುಗಿಸಿದ' ಎನ್ನುವಲ್ಲಿಂದ ಶುರು ಮಾಡಬೇಡಿ. ಶಿಕ್ಷಕರ ಕಿವಿಗೆ ಅದು 'ಇನ್ನೂ ಬೇಗ ದುಡಿಯಿರಿ' ಎಂದೇ ಕೇಳಿಸುತ್ತದೆ. ಗೋಡೆಗೆ ಮೊದಲ ಕಲ್ಲು ಇಡುವ ಮುಂಚೆ ಅವನು ಏನೇನು ಮಾಡಿದ ನೋಡಿ, ನಿಮಗೆ ಬೇಕಾದದ್ದು ಅಲ್ಲಿದೆ.

ಕಿಸ್ಲೇವ್ ತಿಂಗಳಲ್ಲಿ ಯೆರೂಸಲೇಮಿನ ಸುದ್ದಿ ಕೇಳಿದವನು ರಾಜನ ಎದುರು ಬಾಯಿ ಬಿಟ್ಟದ್ದು ನಿಸಾನ್ ತಿಂಗಳಲ್ಲಿ, ಅಂದರೆ ಸುಮಾರು ನಾಲ್ಕು ತಿಂಗಳ ನಂತರ. ಅಷ್ಟು ದಿನ ಉಪವಾಸ, ಪ್ರಾರ್ಥನೆಯ ಜೊತೆ ಲೆಕ್ಕವನ್ನೂ ಹಾಕಿದ್ದ. ರಾಜ ಕೇಳಿದ ಕೂಡಲೇ ಪಟ್ಟಿ ತಯಾರು: ಎಷ್ಟು ಸಮಯ ಬೇಕು, ನದಿಯಾಚೆಯ ಅಧಿಪತಿಗಳಿಗೆ ಯಾವ ಪತ್ರ ಬೇಕು, ಬಾಗಿಲುಗಳಿಗೆ ಮರ ಕೊಡುವಂತೆ ಅರಸನ ಅರಣ್ಯದ ಆಸಾಫನಿಗೆ ಇನ್ನೊಂದು ಪತ್ರ. ಜನರನ್ನು ಕೆಲಸಕ್ಕೆ ಕರೆಯುವ ಮೊದಲು ಮರದ ವ್ಯವಸ್ಥೆ ಮಾಡಿದ. ಆದ್ದರಿಂದ ಸಭೆಗೆ ಎರಡು ವಾರ ಇರುವಾಗಲೇ ಮಂಡಳಿಗೆ ಒಂದು ಪಟ್ಟಿ ಕೊಡಿ: ಪ್ರಯೋಗಾಲಯದ ಸಾಮಾನು, ಸ್ಟಾಫ್‌ರೂಮಿನ ಕಪಾಟು, ಮಳೆಗಾಲಕ್ಕೆ ಇನ್ವರ್ಟರ್ ಬ್ಯಾಟರಿ, ಏನು ಬೇಕೋ ಅದು. ಯಾವುದು ಮಂಜೂರಾಯಿತು, ಯಾವ ತಾರೀಕಿಗೆ ಬರುತ್ತದೆ ಎಂದು ಸಭೆಯಲ್ಲಿ ಓದಿ ಹೇಳಿ. ಆಗದ್ದನ್ನು ಆಗಲಿಲ್ಲ ಎಂದೇ ಹೇಳಿ.

ಎರಡನೆಯದು ರಾತ್ರಿ ಸುತ್ತು. ಊರಿಗೆ ಬಂದು ಮೂರು ದಿನವಾದ ಮೇಲೆ, ಯಾರಿಗೂ ಹೇಳದೆ, ನಾಲ್ಕಾರು ಜನರನ್ನು ಕರೆದುಕೊಂಡು ಬಿದ್ದ ಗೋಡೆಯನ್ನು ನೋಡುತ್ತ ಹೋದ. ಒಂದು ಕಡೆ ಅವನು ಹತ್ತಿದ್ದ ಪ್ರಾಣಿಗೆ ದಾಟಲು ದಾರಿಯೂ ಇರಲಿಲ್ಲ. ಅದಾದ ಮೇಲೆಯೇ ಜನರಿಗೆ ಹೇಳಿದ್ದು, 'ನಾವು ಇರುವ ದುರವಸ್ಥೆಯನ್ನು ನೋಡುತ್ತೀರಲ್ಲ, ಬನ್ನಿ ಕಟ್ಟೋಣ' ಎಂದು. ನೀವೂ ಸಭೆಗೆ ಒಂದು ವಾರ ಮುಂಚೆ ಒಬ್ಬರೇ ಸುತ್ತಿ ಬನ್ನಿ. ಸ್ಟಾಫ್‌ರೂಮಿನಿಂದ ಶುರು ಮಾಡಿ: ಕುರ್ಚಿ ಎಷ್ಟು ಇವೆ, ಎಷ್ಟು ಮುರಿದಿವೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದೆಯೇ, ಯಾವ ಕೋಣೆಯ ಹಂಚು ಸೋರುತ್ತದೆ. ನಮ್ಮ ಕರಾವಳಿಯ ಮಳೆಗೆ ಸೋರುವ ಕೋಣೆಯಲ್ಲಿ ಪಾಠ ಮಾಡುವ ಅಕ್ಕೋರಿಗೆ ಯಾವ ವಚನ ಓದಿ ಧೈರ್ಯ ಹೇಳುತ್ತೀರಿ? ಹತ್ತು ಕೊರತೆ ಬರೆದುಕೊಳ್ಳಿ, ಮೂರನ್ನಾದರೂ ಸಭೆಯ ಮೊದಲು ಸರಿಪಡಿಸಿ. ಸಭೆಗೆ ಬಂದವರು ಅದನ್ನು ತಾವೇ ಗಮನಿಸುತ್ತಾರೆ, ನೀವು ಎತ್ತಿ ಹೇಳಬೇಕಿಲ್ಲ.

ನೆಹೆಮೀಯನ ಪುಸ್ತಕದ ಮೂರನೇ ಅಧ್ಯಾಯವನ್ನು ಎಲ್ಲರೂ ಹೆಸರುಗಳ ಪಟ್ಟಿ ಎಂದು ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಶಾಲೆ ನಡೆಸುವವರಿಗೆ ಅದೇ ಮುಖ್ಯ. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವರ್ತಕರು, ಯಾಜಕರು, ಶಲ್ಲೂಮ ಮತ್ತು ಅವನ ಹೆಣ್ಣುಮಕ್ಕಳು, ಎಲ್ಲರ ಹೆಸರೂ ಕೆಲಸವೂ ದಾಖಲಾಗಿದೆ. 'ತನ್ನ ಮನೆಯ ಎದುರಿನ ಭಾಗ' ಎನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಕೆಲಸ ಹಂಚುವಾಗ ಇದನ್ನು ಹಾಗೇ ಅನ್ವಯಿಸಬಹುದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬಸ್ಸಿನಲ್ಲಿ ಬರುವವರಿಗೆ ಬೆಳಗಿನ ಗೇಟ್ ಡ್ಯೂಟಿ ಹಾಕಬಾರದು, ಅವರಿಗೆ ಮಧ್ಯಾಹ್ನದ ಕೆಲಸ ಕೊಡಿ. ಊರಿನಲ್ಲೇ ಇರುವವರಿಗೆ ಬೆಳಗಿನದು. ಸಂಜೆ ಬಸ್ ತಪ್ಪಿದರೆ ಮುಂದಿನದಕ್ಕೆ ಒಂದೂವರೆ ತಾಸು ಕಾಯಬೇಕಾದವರನ್ನು ಸಂಜೆಯ ವಿಶೇಷ ತರಗತಿಗೆ ನಿಲ್ಲಿಸಬೇಡಿ.

ಅದೇ ಅಧ್ಯಾಯದಲ್ಲಿ ತೆಕೋವ ಎಂಬ ಊರಿನ ಶ್ರೀಮಂತರು ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂದು ಒಂದೇ ಸಾಲು ಬರೆದಿದೆ. ತೆಕೋವದ ಸಾಮಾನ್ಯ ಜನ ಮಾತ್ರ ಮುಂದೆ ಎರಡನೇ ಭಾಗವನ್ನೂ ಕಟ್ಟಿದರು. ಕೆಲಸಗಳ್ಳರ ಬಗ್ಗೆ ನೆಹೆಮೀಯ ಅಲ್ಲಿ ಭಾಷಣ ಮಾಡಲಿಲ್ಲ. ಸಭೆಯಲ್ಲಿ 'ಕೆಲವರು ಸರಿಯಾಗಿ ಕೆಲಸ ಮಾಡುವುದಿಲ್ಲ' ಎಂದು ಗದರಿದರೆ ಮನಸ್ಸಿಗೆ ಹಚ್ಚಿಕೊಳ್ಳುವವರು ಸರಿಯಾಗಿ ಕೆಲಸ ಮಾಡುವವರೇ.

ಓದಲು 2ನೇ ಅಧ್ಯಾಯದ 11ರಿಂದ 18ರವರೆಗೆ ಸಾಕು, ಎಂಟು ವಚನ, ಎರಡು ಮೂರು ನಿಮಿಷ. ಮಾತು 12 ನಿಮಿಷ ಮೀರಬಾರದು. ಇನ್ನೊಂದು ಮಾತು: ಪ್ರೋತ್ಸಾಹವನ್ನೆಲ್ಲ ಜೂನ್ ತಿಂಗಳಲ್ಲೇ ಖರ್ಚು ಮಾಡಬೇಡಿ. ಗೋಡೆ ಅರ್ಧ ಎತ್ತರಕ್ಕೆ ಬಂದಾಗಲೇ 'ಹೊರೆ ಹೊರುವವರ ಬಲ ಕುಂದಿತು, ಕಸದ ರಾಶಿ ಬಹಳ' ಎಂಬ ಮಾತು ಬಂದದ್ದು (4:10). ನಮ್ಮ ವರ್ಷದಲ್ಲಿ ಆ ಅರ್ಧ ಎತ್ತರ ಎಂದರೆ ದಸರಾ ರಜೆಯ ಆಚೀಚೆ. ಎಸ್‌ಎ-1ರ (ಮೊದಲ ಅರ್ಧವರ್ಷದ ಪರೀಕ್ಷೆಯ) ಅಂಕ ನಮೂದು, ಪ್ರತಿಭಾ ಕಾರಂಜಿ, ಕ್ರೀಡಾಕೂಟ ಎಲ್ಲ ಒಟ್ಟಿಗೆ ಮೈಮೇಲೆ ಬೀಳುವ ಹೊತ್ತು. ರಜೆ ಮುಗಿದ ಮೊದಲ ವಾರಕ್ಕೆ ಎರಡನೇ ಸಭೆಯ ತಾರೀಕನ್ನು ಈಗಲೇ ಬರೆದಿಡಿ.

ಘಟ್ಟದ ಮೇಲೆ, ಶಿರಸಿ

ಮೇಲಿನವರ ಮಾತು ಒಪ್ಪುತ್ತೇನೆ. ಆದರೂ ನೆಹೆಮೀಯನನ್ನು ಅಕ್ಟೋಬರಿಗೆ ಇಟ್ಟು, ಮೊದಲ ಸಭೆಗೆ ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ತೆಗೆದುಕೊಳ್ಳಿ ಎಂದು ನನ್ನ ಸಲಹೆ. ಇಸ್ರಾಯೇಲರ ನಾಯಕ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಾನೆ. ಮಾವ ಇತ್ರೋ ಮೊದಲು ಸುಮ್ಮನೆ ನೋಡುತ್ತಾನೆ, ಆಮೇಲೆ 'ನೀನೊಬ್ಬನೇ ಯಾಕೆ ಕೂತಿದ್ದೀ' ಎಂದು ಕೇಳುತ್ತಾನೆ, ಉತ್ತರ ಕೇಳಿಸಿಕೊಂಡು ಕಡೆಗೆ ಹೇಳುತ್ತಾನೆ: ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ನಿನ್ನ ಜೊತೆಗಿರುವ ಜನರೂ ಬಳಲುತ್ತಾರೆ. ಆ ಎರಡನೆಯ ಭಾಗವನ್ನು ಒತ್ತಿ ಓದಿ. ಎಚ್‌ಎಂ ಎಲ್ಲವನ್ನೂ ತಾನೇ ಹಿಡಿದುಕೊಂಡರೆ ಸಹಿಗಾಗಿ ಬಾಗಿಲಲ್ಲಿ ಕಾಯುವ ಶಿಕ್ಷಕರೂ ಸುಸ್ತಾಗುತ್ತಾರೆ.

ಸಭೆಯಲ್ಲಿ ಹೀಗೆ ಮಾಡಿ. ಓದು ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಖಾಲಿ ಹಾಳೆ. ಪಾಠ ಬಿಟ್ಟು ಉಳಿದ ಕೆಲಸ ಏನೇನು ಮಾಡುತ್ತೀರಿ, ವಾರಕ್ಕೆ ಎಷ್ಟು ಹೊತ್ತು ಹೋಗುತ್ತದೆ, ಇಷ್ಟನ್ನು 15 ನಿಮಿಷದಲ್ಲಿ ಬರೆಯಲಿ. ಸ್ಯಾಟ್ಸ್ (ಸರಕಾರದ ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ನಮೂದು, ವಿದ್ಯಾರ್ಥಿವೇತನದ ಅರ್ಜಿ, ಬಸ್ ಡ್ಯೂಟಿ, ವರ್ಷದ ಆರಂಭದ ಸೇತುಬಂಧ ಪುನರಾವರ್ತನೆಯ ದಾಖಲೆ, ಸ್ಕೌಟ್ಸ್, ಸ್ನೇಹ ಸಮ್ಮೇಳನದ ತಯಾರಿ, ನೋಟ್‌ಬುಕ್ ತಿದ್ದುವುದು, ಎಲ್ಲ ಬರಲಿ. ಹೆಸರು ಹಾಕಬೇಕಾಗಿಲ್ಲ, ವಿಷಯ ಮಾತ್ರ ಸಾಕು. ನಂತರ ನಾಲ್ಕು ಗುಂಪು ಮಾಡಿ, ಪ್ರತಿ ಕೆಲಸದ ಎದುರು ಒಂದು ಗುರುತು ಹಾಕಿಸಿ: ಬಿಡಬಹುದು, ಕಡಿಮೆ ಮಾಡಬಹುದು, ಬೇರೆಯವರಿಗೆ ಕೊಡಬಹುದು, ಹೀಗೇ ಇರಬೇಕು. 'ಬಿಡಬಹುದು' ಎಂದು ಬಂದದ್ದರಲ್ಲಿ ಎರಡನ್ನಾದರೂ ಆ ದಿನವೇ ಬಿಟ್ಟೆವು ಎಂದು ಘೋಷಿಸಿ. ಆಮೇಲೆ ನೋಡೋಣ ಎಂದರೆ ಆ ಹಾಳೆ ಕಪಾಟು ಸೇರುತ್ತದೆ, ಮುಂದಿನ ಸಲ ಯಾರೂ ಮನಸ್ಸಿಟ್ಟು ಬರೆಯುವುದಿಲ್ಲ.

ನೋಟ್‌ಬುಕ್ ಲೆಕ್ಕ ಒಂದನ್ನು ಹೇಳುತ್ತೇನೆ. 40 ಮಕ್ಕಳ ನಾಲ್ಕು ತರಗತಿ ಎಂದರೆ 160 ಪುಸ್ತಕ. ಒಂದಕ್ಕೆ ಎರಡು ನಿಮಿಷ ಹಿಡಿದರೂ 320 ನಿಮಿಷ, ಐದು ತಾಸಿನ ಮೇಲೆ. ಪ್ರತಿ ವಾರ ಇದನ್ನು ಮಾಡು ಎಂದರೆ ಭಾನುವಾರ ಹೋಯಿತು. ಬದಲಿಗೆ ವಾರಕ್ಕೆ ಒಂದು ತರಗತಿ, ಅಂದರೆ 40 ಪುಸ್ತಕ, 80 ನಿಮಿಷ. ಉಳಿದ ಮೂರು ತರಗತಿಯವರು ತರಗತಿಯಲ್ಲೇ ಪರಸ್ಪರ ತಿದ್ದಿಕೊಳ್ಳಲಿ. ತಿಂಗಳಿಗೊಮ್ಮೆ ಪ್ರತಿ ಮಗುವಿನ ಪುಸ್ತಕವೂ ಶಿಕ್ಷಕರ ಕೈಗೆ ಬರುತ್ತದೆ. ಇಷ್ಟು ಅನುಮತಿ ಕೊಟ್ಟರೆ ಅದೇ ದೊಡ್ಡ ಪ್ರೋತ್ಸಾಹ.

ಜವಾಬ್ದಾರಿ ಹಂಚುವಾಗ ಇತ್ರೋ ಹೇಳಿದ ಗುಣಗಳನ್ನು ನೋಡಿ: ಸಮರ್ಥರು, ದೇವರ ಭಯ ಇರುವವರು, ನಂಬಿಗಸ್ತರು, ಲಂಚವನ್ನು ದ್ವೇಷಿಸುವವರು. ಮೋಶೆ ಎಲ್ಲರನ್ನೂ ಸಾವಿರ ಜನರ ಮೇಲೆ ಇಡಲಿಲ್ಲ. ಸಾವಿರ, ನೂರು, ಐವತ್ತು, ಹತ್ತು ಎಂದು ಶಕ್ತಿಗೆ ತಕ್ಕಂತೆ ಇಟ್ಟ. ನಮ್ಮಲ್ಲಿ ಆಗುವ ತಪ್ಪು ಏನೆಂದರೆ ಚೆನ್ನಾಗಿ ಕೆಲಸ ಮಾಡುವ ಇಬ್ಬರ ತಲೆಗೇ ಎಲ್ಲವನ್ನೂ ಕಟ್ಟುವುದು. ಹಾಗೆ ಮಾಡಿದರೆ ಒಬ್ಬ ಮೋಶೆಯ ಜಾಗದಲ್ಲಿ ಮೂವರು ಬಳಲಿದ ಮೋಶೆಯರು ಆಗುತ್ತಾರೆ. ಮತ್ತು ಕೊಟ್ಟ ಮೇಲೆ ತೀರ್ಮಾನವನ್ನೂ ಕೊಡಬೇಕು. ಕ್ರೀಡಾ ಸಾಮಾನು ಕೊಳ್ಳುವ ಹೊಣೆ ದೈಹಿಕ ಶಿಕ್ಷಕರದ್ದಾದರೆ ಇಷ್ಟು ಮೊತ್ತದವರೆಗೆ ಅವರೇ ನಿರ್ಧರಿಸಲಿ ಎಂದು ಬರೆದು ಕೊಡಿ. ಪ್ರತಿ ಚೆಂಡಿಗೂ ನಿಮ್ಮ ಸಹಿ ಬೇಕಾದರೆ ಹಂಚಿದ್ದು ಕೆಲಸ ಮಾತ್ರ, ಅಧಿಕಾರ ನಿಮ್ಮ ಹತ್ತಿರವೇ ಉಳಿಯಿತು.

ಇನ್ನೊಂದು ವಿಷಯ ಶಿರಸಿಯವರಿಗೆ ಬೇಗ ಹೊಳೆಯುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುವುದು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರ ಇರುವಾಗ. ಆ ವರ್ಷದ ಪಾಠಯೋಜನೆಯನ್ನು ಒಂದು ವಾರ ಬೇಗ ಮುಗಿಯುವಂತೆ ಜೂನ್‌ನಲ್ಲೇ ಹೊಂದಿಸಿಕೊಳ್ಳದಿದ್ದರೆ ಮಾರ್ಚ್‌ನಲ್ಲಿ ಶಿಕ್ಷಕರ ಮೇಲೆ ಕೂಗಾಡುವುದೇ ಗತಿ. ಕರಾವಳಿಯಲ್ಲಿ ಅದೇ ಲೆಕ್ಕ ಮಳೆ ರಜೆಗೆ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತ್ತಲ್ಲ, ಅಂಥ ದಿನ ಆಚೆಯಿಂದ ಬರುವವರ ಪೀರಿಯಡ್ ಯಾರು ನೋಡಿಕೊಳ್ಳಬೇಕು ಎನ್ನುವ ಪಟ್ಟಿ ಮೊದಲೇ ಗೋಡೆಯ ಮೇಲೆ ಇರಬೇಕು.

ಕಾಳಿ ಸೇತುವೆ

ಮಿಶ್ರ ಸಿಬ್ಬಂದಿಯ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇತ್ರೋ ಮಿದ್ಯಾನಿನ ಯಾಜಕ, ಇಸ್ರಾಯೇಲನಲ್ಲ. ಇಸ್ರಾಯೇಲರ ನಾಯಕನಿಗೆ ಆಡಳಿತ ಕಲಿಸಿದವನು ಹೊರಗಿನವನು, ಮೋಶೆ ಅವನು ಹೇಳಿದ್ದನ್ನೆಲ್ಲ ಕೇಳಿ ಹಾಗೇ ಮಾಡಿದ. ನೆಹೆಮೀಯನ ಗೋಡೆಗೆ ಮರ ಕೊಟ್ಟವನು ಪಾರಸಿಯ ಅರಸ. ಇದನ್ನು ಸಭೆಯಲ್ಲಿ ಹೇಳಿ. ನಿಮ್ಮ 13 ಮಂದಿ ಕ್ರೈಸ್ತರಲ್ಲದ ಶಿಕ್ಷಕರು ಆ ಸಭೆಯಲ್ಲಿ ಬರೀ ಅತಿಥಿಗಳಲ್ಲ, ಅವರ ಸಲಹೆಯಿಂದ ಶಾಲೆ ಬದಲಾಗಬೇಕು ಎಂದು ಬೈಬಲಿನಿಂದಲೇ ತೋರಿಸಬಹುದು.

ನಡೆಸುವ ರೀತಿ: ಸುತ್ತೋಲೆಯಲ್ಲಿ ಮೊದಲೇ ಬರೆಯಿರಿ, 'ಮೊದಲ 15 ನಿಮಿಷ ಬೈಬಲ್ ಓದು ಮತ್ತು ಪ್ರಾರ್ಥನೆ ಇರುತ್ತದೆ, ಇಷ್ಟ ಇದ್ದವರು ಬರಬಹುದು, ಕೆಲಸದ ಸಭೆ ಅದಾದ ಮೇಲೆ' ಎಂದು. ಯಾರು ಮೊದಲ ಭಾಗಕ್ಕೆ ಬಂದರು, ಯಾರು ಬರಲಿಲ್ಲ ಎಂದು ಲೆಕ್ಕ ಇಡಬೇಡಿ, ಹಾಜರಿ ಪುಸ್ತಕ ಆ ಹೊತ್ತಿಗೆ ತೆರೆಯಲೇಬೇಡಿ. ಓದಲು ಯಾರನ್ನಾದರೂ ಕರೆಯುವುದಿದ್ದರೆ ಹಿಂದಿನ ದಿನವೇ ಕೇಳಿ. ಎಲ್ಲರ ಮುಂದೆ ಪುಸ್ತಕ ಕೈಗೆ ಕೊಟ್ಟರೆ ಬೇಡ ಎನ್ನಲು ಯಾರಿಗೂ ಆಗುವುದಿಲ್ಲ. ಮಕ್ಕಳ ವಿಷಯದಲ್ಲಿ ಸಂವಿಧಾನದ 28(3)ನೇ ವಿಧಿ ಸ್ಪಷ್ಟ ಇದೆ: ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ನೀತಿ ಶಿಕ್ಷಣದ ಪೀರಿಯಡ್ ಬೇರೆ, ಕ್ರೈಸ್ತ ಮಕ್ಕಳ ಧರ್ಮೋಪದೇಶ ಬೇರೆ. ಎರಡನ್ನೂ ಕಲಸಬೇಡಿ.

ಈಗ ಮುಖ್ಯ ಮಾತು. ಪ್ರೋತ್ಸಾಹ ಎಂದು ವಚನ ಹೇಳಿ ಸಂಬಳವಿಲ್ಲದ ಕೆಲಸ ಮಾಡಿಸುವುದು ನಮ್ಮ ಸಂಸ್ಥೆಗಳಲ್ಲಿ ಬೇರೂರಿದ ಕೆಟ್ಟ ಅಭ್ಯಾಸ. 'ಏನು ಮಾಡಿದರೂ ಕರ್ತನಿಗಾಗಿ ಎಂದು ಮನಃಪೂರ್ವಕವಾಗಿ ಮಾಡಿರಿ' ಎಂಬ ಕೊಲೊಸ್ಸೆ 3:23 ಎಲ್ಲರ ಬಾಯಲ್ಲಿದೆ. ಅಲ್ಲಿಂದ ಮೂರೇ ವಚನ ಮುಂದೆ ಹೋದರೆ, 4:1ರಲ್ಲಿ, ಯಜಮಾನರೇ ನಿಮ್ಮ ದಾಸರಿಗೆ ನ್ಯಾಯವಾದದ್ದನ್ನು, ಸಮವಾದದ್ದನ್ನು ಕೊಡಿ ಎಂದಿದೆ. ಧರ್ಮೋಪದೇಶಕಾಂಡ 24:15 ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುಂಚೆ ಕೊಡು ಎನ್ನುತ್ತದೆ. ಯಾಕೋಬ 5:4 ಹಿಡಿದಿಟ್ಟ ಕೂಲಿ ಕೂಗುತ್ತದೆ ಎನ್ನುತ್ತದೆ. ನೆಹೆಮೀಯನ ಐದನೇ ಅಧ್ಯಾಯ ಇರುವುದೇ ಇದಕ್ಕೆ. ಗೋಡೆಯ ಕೆಲಸ ನಡೆದಿರುವಾಗಲೇ ಜನರ ಕೂಗು ಎದ್ದಿತು: ಹೊಲ ಅಡವಿಟ್ಟಿದ್ದೇವೆ, ಅರಸನ ತೆರಿಗೆಗೆ ಸಾಲ ಮಾಡಿದ್ದೇವೆ, ಮಕ್ಕಳು ದಾಸರಾಗುತ್ತಿದ್ದಾರೆ. ಗೋಡೆ ಮುಗಿಯಲಿ, ಆಮೇಲೆ ನೋಡೋಣ ಎನ್ನಲಿಲ್ಲ ಅವನು. ಸಿಟ್ಟು ಬಂತು, ತನ್ನೊಳಗೆ ಯೋಚಿಸಿದ, ಶ್ರೀಮಂತರನ್ನು ಕರೆಸಿ ಎಲ್ಲರ ಮುಂದೆ ಅಡವು ಬಿಡಿಸಿ, ಬಡ್ಡಿ ತಿರುಗಿ ಕೊಡಿಸಿದ. ತಾನು ಅಧಿಪತಿಯಾಗಿದ್ದ 12 ವರ್ಷ ಅಧಿಪತಿಗೆ ಸಲ್ಲುವ ಆಹಾರದ ಭತ್ಯೆ ಮುಟ್ಟಲಿಲ್ಲ.

ಒಂದೇ ಸ್ಟಾಫ್‌ರೂಮಿನಲ್ಲಿ ಅನುದಾನಿತ ಹುದ್ದೆಯವರೂ ಮಂಡಳಿಯ ಸಂಬಳದವರೂ ಕೂರುವ ಶಾಲೆ ನಿಮ್ಮದು. ಒಂದೇ ಪಾಠ, ಸಂಬಳ ಬೇರೆ. ಅದನ್ನು ಒಂದು ದಿನದಲ್ಲಿ ಸರಿ ಮಾಡಲು ನಿಮ್ಮಿಂದ ಆಗದಿರಬಹುದು. ಆದರೆ ಸಂಬಳ ಯಾವ ತಾರೀಕಿಗೆ ಬರುತ್ತದೆ, ಬೇಸಿಗೆ ರಜೆಯ ಸಂಬಳ ಉಂಟೇ ಇಲ್ಲವೇ, ಭಾನುವಾರ ಕರೆದರೆ ಬದಲಿ ರಜೆ ಉಂಟೇ, ಇಷ್ಟನ್ನು ಮಂಡಳಿಯಿಂದ ಬರಹದಲ್ಲಿ ಪಡೆದು ಸಭೆಗೆ ತನ್ನಿ. ಅದಿಲ್ಲದೆ ಬೈಬಲ್ ತೆರೆದರೆ ಕೆಳ ಸಂಬಳದವರ ಮನಸ್ಸು ಅಲ್ಲಿಯೇ ಮುಚ್ಚಿಕೊಳ್ಳುತ್ತದೆ.

ಕುಮಟಾ ಕಡೆಯ ಎಚ್‌ಎಂ

ಎಲ್ಲರಿಗೂ ಧನ್ಯವಾದ, ಒಂದೊಂದನ್ನೂ ಬರೆದುಕೊಂಡೆ. ಇನ್ನೊಂದು ಕೇಳುವುದಿದೆ. ಬಿ.ಎಡ್. ಮುಗಿಸಿ ಈಗಷ್ಟೇ ಸೇರಿದವರು ಇಬ್ಬರಿದ್ದಾರೆ, ಒಂಬತ್ತನೇ ತರಗತಿಯ ಗದ್ದಲ ಅವರಿಗೆ ಹಿಡಿತಕ್ಕೆ ಸಿಗುತ್ತಿಲ್ಲ. ಇನ್ನೊಬ್ಬ ಹಿರಿಯ ಮಾಸ್ತರರು, ಎಸ್‌ಎಸ್‌ಎಲ್‌ಸಿಯಲ್ಲಿ ತಮ್ಮ ವಿಷಯಕ್ಕೆ ಒಳ್ಳೆಯ ಫಲಿತಾಂಶ ತಂದುಕೊಟ್ಟವರು, ಈಗ 'ನನಗೆ ಸಾಕು' ಎನ್ನುತ್ತಿದ್ದಾರೆ. ಇವರಿಗೆ ಒಂದೇ ಮಾತು ಸಾಲುವುದಿಲ್ಲ ಅನ್ನಿಸುತ್ತದೆ.

ಗಣಿತದ ಮಾಸ್ತರ, ಹೊನ್ನಾವರ

ಸಾಲುವುದಿಲ್ಲ, ಹೌದು. ಹಿರಿಯರದ್ದು ಪ್ರವಾದಿ ಎಲೀಯನ ಸ್ಥಿತಿ, ಹೊಸಬರದ್ದು ಮುಂದೆ ಪೌಲ ಎನಿಸಿಕೊಂಡ ಸೌಲನ ಸ್ಥಿತಿ.

1 ಅರಸುಗಳು 18ರಲ್ಲಿ ಎಲೀಯನಿಗೆ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು. 19ರಲ್ಲಿ ಸಾವು ಬೇಡುತ್ತಾನೆ. ಬಳಲಿಕೆ ಬರುವುದು ಸೋತಾಗ ಮಾತ್ರ ಅಲ್ಲ, ಗೆದ್ದ ಬೆನ್ನಿಗೂ ಬರುತ್ತದೆ, ಒಳ್ಳೆಯ ಫಲಿತಾಂಶ ತಂದ ಮಾಸ್ತರರು ಸಾಕು ಎನ್ನುವುದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿ ನಡೆದ ಕ್ರಮ ನೋಡಿ. ದೂತನು ಉಪದೇಶ ಮಾಡಲಿಲ್ಲ, ಎಬ್ಬಿಸಿ ಊಟ ಮಾಡು ಎಂದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಮತ್ತೆ ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿದಾಗಲೂ ಊಟವೇ. ನಲವತ್ತು ದಿನ ನಡೆದು ಹೋರೇಬಿಗೆ ಮುಟ್ಟಿದ ಮೇಲೆ 'ಇಲ್ಲಿ ನಿನಗೇನು ಕೆಲಸ' ಎಂಬ ಪ್ರಶ್ನೆ, ಅದೂ ಎರಡು ಸಲ, ಎರಡೂ ಸಲ ಅವನ ದೂರನ್ನು ಪೂರ್ತಿ ಕೇಳಿಸಿಕೊಂಡು. ಕೊನೆಗೆ ಸಿಕ್ಕಿದ್ದು ಗೊತ್ತುಪಡಿಸಿದ ಕೆಲಸ, ಜೊತೆಗಾರನಾಗಿ ಎಲೀಷ, ಮತ್ತು ಬಾಳ ಎಂಬ ಅನ್ಯದೇವತೆಗೆ ಮೊಣಕಾಲೂರದ ಏಳು ಸಾವಿರ ಮಂದಿ ಇದ್ದಾರೆ ಎಂಬ ಸುದ್ದಿ.

ಆದ್ದರಿಂದ ಆ ಮಾಸ್ತರರನ್ನು ಸಭೆಯಲ್ಲಿ ಎದ್ದು ನಿಲ್ಲಿಸಿ ಹೊಗಳಬೇಡಿ. ಮೊದಲು ವೇಳಾಪಟ್ಟಿ ತೆಗೆದು ನೋಡಿ, ಸತತ ನಾಲ್ಕು ಪೀರಿಯಡ್ ಇದ್ದರೆ ಮಧ್ಯೆ ಒಂದು ಬಿಡುವು ಮಾಡಿ. ಒಂದು ಅವಧಿಗಾದರೂ ಹೆಚ್ಚುವರಿ ಹೊಣೆ ಇಳಿಸಿ. ಆಮೇಲೆ ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿ ಕೂರಿಸಿ ಕೇಳಿ, ಅರ್ಧ ತಾಸು ನೀವು ಉತ್ತರ ಕೊಡದೆ ಕೇಳಿ. ನಂತರವೇ ಆ ಇಬ್ಬರು ಹೊಸಬರಲ್ಲಿ ಒಬ್ಬರನ್ನು ಅವರ ಕೈಗೆ ಕೊಡುವ ಮಾತು ಎತ್ತಿ. ತಿಂಗಳುಗಟ್ಟಲೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಎಂದರೆ ವೈದ್ಯರ ಹತ್ತಿರ ಕಳಿಸಿ, ಪ್ರಾರ್ಥನೆ ಅದರ ಬದಲಿಗೆ ಅಲ್ಲ.

ಹೊಸಬರಿಗೆ ಬಾರ್ನಬನ ದಾರಿ. ಅಪೊಸ್ತಲರ ಕೃತ್ಯಗಳು 9ರಲ್ಲಿ ಮೊದಲು ಯೇಸುವಿನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನಿಗೆ ಎಲ್ಲರೂ ಹೆದರಿದ್ದಾಗ ಅವನನ್ನು ಅಪೊಸ್ತಲರ ಹತ್ತಿರ ಕರೆದೊಯ್ದವನು ಬಾರ್ನಬ. ಅಲ್ಲಿ 'ಒಳ್ಳೆಯ ಹುಡುಗ' ಎಂದು ಶಿಫಾರಸು ಮಾಡಲಿಲ್ಲ. ದಾರಿಯಲ್ಲಿ ಏನಾಯಿತು, ದಮಸ್ಕದಲ್ಲಿ ಹೇಗೆ ಧೈರ್ಯದಿಂದ ಮಾತಾಡಿದ ಎಂದು ನಡೆದದ್ದನ್ನು ಹೇಳಿದ. 11ರಲ್ಲಿ ತಾನೇ ತಾರ್ಸಕ್ಕೆ ಹೋಗಿ ಹುಡುಕಿ ಕರೆತಂದು, ಅಂತಿಯೋಕ್ಯದಲ್ಲಿ ಪೂರ್ತಿ ಒಂದು ವರ್ಷ ಜೊತೆಯಲ್ಲಿ ಬೋಧಿಸಿದ. ಒಂದು ವರ್ಷ, ಒಂದು ದಿನದ ತರಬೇತಿ ಅಲ್ಲ.

ಶಾಲೆಯಲ್ಲಿ ಅದು ಹೀಗೆ. ಮೊದಲು ಹೊಸಬರು ಹಿರಿಯರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲಿ, ಅದೇ ಒಂಬತ್ತನೇ ತರಗತಿ, ಮೂರು ಪೀರಿಯಡ್. ಹಿರಿಯರು ಬಂದು ಹೊಸಬರ ಹಿಂದೆ ಕೂತರೆ ಅದು ಪರೀಕ್ಷೆ ಆಗುತ್ತದೆ, ಮಕ್ಕಳ ಮುಂದೆ ಅವರ ಬೆಲೆ ಇಳಿಯುತ್ತದೆ. ನೋಡಬೇಕಾದದ್ದು ಒಂದೇ: ಪಾಠ ಶುರುವಾಗುವ ಮೊದಲ ಐದು ನಿಮಿಷ ಹಿರಿಯರು ಏನು ಮಾಡುತ್ತಾರೆ. ಗದ್ದಲ ಹುಟ್ಟುವುದು ಸಾಮಾನ್ಯವಾಗಿ ಅಲ್ಲಿ. ಹಲಗೆಯ ಮೇಲೆ ಕೆಲಸ ಮೊದಲೇ ಬರೆದಿರದಿದ್ದರೆ, ಹಾಜರಿ ಕೂಗುವ ಹೊತ್ತಿಗೆ ಮಕ್ಕಳ ಕೈ ಖಾಲಿ ಇದ್ದರೆ, ಆಮೇಲೆ ಎಷ್ಟು ಕೂಗಿದರೂ ಹಿಡಿತ ಬರುವುದಿಲ್ಲ. ಎರಡನೇ ವಾರ ಇಬ್ಬರೂ ಸೇರಿ ಒಂದು ಪಾಠ ಮಾಡಲಿ. ತಿದ್ದುವ ಮಾತು ಅದೇ ದಿನ, ಒಂದೇ ಮಾತು. ಮೆಚ್ಚುವಾಗ 'ಚೆನ್ನಾಗಿತ್ತು' ಸಾಕಾಗುವುದಿಲ್ಲ, 'ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಹಿಂದಿನ ಸಾಲಿನ ಮೂವರನ್ನು ಹಲಗೆಗೆ ಕರೆದಿರಿ, ಆಮೇಲೆ ತರಗತಿ ತಣ್ಣಗಾಯಿತು' ಎಂದು ಕಂಡದ್ದನ್ನೇ ಹೇಳಿ.

ಯಾರಾದರೂ ನಿಜವಾಗಿ ತಪ್ಪು ಮಾಡಿ ಅದನ್ನು ಮಾತಾಡಲೇಬೇಕಾದರೆ ಯೋಹಾನ 21 ಓದಿಕೊಂಡು ಹೋಗಿ. ತನ್ನನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನಿಗೆ ಯೇಸು ಮೊದಲು ದಡದಲ್ಲಿ ಊಟ ಕೊಟ್ಟ, ಊಟವಾದ ಮೇಲೆ ಕೇಳಿದ. ಮೂರು ಪ್ರಶ್ನೆ, ಮೂರು ಸಲವೂ ಕೆಲಸ ಅವನ ಕೈಗೇ ತಿರುಗಿ ಬಂತು.

ಅಘನಾಶಿನಿ ದಂಡೆ

ಒಂದು ಸೇರಿಸುತ್ತೇನೆ ಮೇಡಂ, ಇದು ನಿಮಗೇ. ವಿಮೋಚನಕಾಂಡ 17ರಲ್ಲಿ ಯುದ್ಧ ನಡೆದಿರುವಾಗ ಎತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಮೊದಲು ಒಂದು ಕಲ್ಲು ತಂದು ಕೂರಿಸಿದರು, ಆಮೇಲೆ ಆಚೆ ಒಬ್ಬ, ಈಚೆ ಒಬ್ಬ ನಿಂತು ಹೊತ್ತು ಮುಳುಗುವವರೆಗೆ ಕೈ ಹಿಡಿದರು. 22 ಮಂದಿಯಲ್ಲಿ ನಿಮಗೆ ಹಾಗೆ ಇಬ್ಬರು ಬೇಕು, ಒಬ್ಬರಾದರೂ ಕ್ರೈಸ್ತರಲ್ಲದವರು ಇರಲಿ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ 20 ನಿಮಿಷ ಅವರ ಜೊತೆ ಕೂತು, ಈ ವಾರ ಯಾರು ಸುಸ್ತಾಗಿ ಕಂಡರು, ಯಾವ ಕೆಲಸ ಸಿಕ್ಕಿಹಾಕಿಕೊಂಡಿದೆ ಎಂದು ಕೇಳಿ.

ಕಾಳಿ ಸೇತುವೆಯವರು ಹೇಳಿದ ಸಂಬಳದ ಪತ್ರವನ್ನು ಈ ವಾರವೇ ಮಂಡಳಿಗೆ ಕೊಡಿ. ಸಭೆಯ ದಿನದೊಳಗೆ ಉತ್ತರ ಬರದಿದ್ದರೆ ಪತ್ರ ಕೊಟ್ಟ ತಾರೀಕನ್ನಾದರೂ ಶಿಕ್ಷಕರಿಗೆ ತಿಳಿಸಿ, ಉತ್ತರ ಬಂದ ದಿನ ಸ್ಟಾಫ್‌ರೂಮಿನಲ್ಲಿ ಓದುತ್ತೇನೆ ಎಂದು ಹೇಳಿ. ಸಭೆ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ, ಒಂದು ಗಂಟೆಗೆ ಊಟ ಹಾಕಿ ಬಿಡಿ. ಘಟ್ಟದ ಮೇಲಿನವರಿಗೆ ಎರಡರ ಬಸ್ಸು ಸಿಗಬೇಕು.